ಹಳೇದು ನಡೀತದೇನ್ರೀ?

ನಮ್ಮ ಸೈದಾಪುರದ ಕಡೆ ಹೊಸ ಮೊಬೈಲ್ ತಗೊಳ್ಳೋಕೆ ಹೋದವರು ರೇಟು ಕೇಳೋಕೂ ಮುಂಚೆ ಒಂದು ಮಾತು ಕೇಳ್ತಾರೆ: “ಹಳೇ ಚಾರ್ಜರ್ ನಡೀತದೇನ್ರೀ?” ಬೆಂಗಳೂರಿನ ಆಫೀಸಿನಲ್ಲಿ ನಾವು ಇದನ್ನೇ ‘ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ’ ಅಂತ ಕರೆದು, ಅದಕ್ಕೊಂದು ಮೀಟಿಂಗ್ ಇಡ್ತೀವಿ. ಮೀಟಿಂಗ್‌ನಲ್ಲಿ ಚರ್ಚೆಯಾಗೋದು ಖರ್ಚು, ಸಮಯ. ಆದರೆ ಆ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಇದೆ. ಹೊಸದನ್ನು ಮಾಡುವವರು ಹಳೆಯದನ್ನು ನಂಬಿದವರಿಗೆ ಏನಾದರೂ ಬಾಕಿ ಇದ್ದಾರಾ?

ಈ ಪ್ರಶ್ನೆ ತೀರಾ ಬಿಗಿಯಾಗಿ ಕಾಣೋದು ‘ಪಂಡೋರಾ’ ಅನ್ನೋ ಪುಟ್ಟ ಯಂತ್ರದ ಕಥೆಯಲ್ಲಿ. ಅಂಗೈಯಲ್ಲಿ ಹಿಡಿಯೋ ಗೇಮಿಂಗ್ ಕಂಪ್ಯೂಟರ್ ಅದು. ಲಿನಕ್ಸ್ ಮೇಲೆ ಓಡೋದು, ಕೀಲಿಮಣೆಯೂ ಇತ್ತು. ದೊಡ್ಡ ಕಂಪನಿಯ ಬಂಡವಾಳ ಇರಲಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಜನರಿಂದಲೇ ಮುಂಗಡ ತಗೊಂಡು ಕೆಲಸ ಶುರುವಾಯ್ತು. ಮೊದಲ ಯಂತ್ರಗಳು ಕೈಗೆ ಸಿಕ್ಕಿದ್ದು 2010ರಲ್ಲಿ. ಅದರ ಉತ್ತರಾಧಿಕಾರಿ ‘ಪೈರಾ’ಗೆ 2016ರಲ್ಲಿ ಮತ್ತೆ ಮುಂಗಡ. ಅದಕ್ಕೂ ವರ್ಷಗಟ್ಟಲೆ ಕಾಯಬೇಕಾಯ್ತು.

ಪಂಡೋರಾ ಕೊಂಡವರು ಬರೀ ದುಡ್ಡು ಕೊಟ್ಟವರಲ್ಲ. ಅವರಲ್ಲಿ ಎಷ್ಟೋ ಜನ ರಾತ್ರಿ ನಿದ್ದೆಗೆಟ್ಟು ಅದಕ್ಕೆ ಆಟಗಳನ್ನ, ಪ್ರೋಗ್ರಾಂಗಳನ್ನ ಹೊಂದಿಸಿಕೊಟ್ಟರು. ಈಗ ಪೈರಾದಲ್ಲಿ ಅವೆಲ್ಲ ಓಡಬೇಕಾ? ಹಳೆ ಪರದೆ 800×480, ಹೊಸದು 1280×720. ಚಿತ್ರವನ್ನ ಒಂದೂವರೆ ಪಟ್ಟು ಹಿಗ್ಗಿಸಿದರೆ ಎತ್ತರ ಸರಿಹೋಗುತ್ತೆ, ಅಗಲದಲ್ಲಿ 80 ಚುಕ್ಕಿ ಖಾಲಿ ಉಳಿಯುತ್ತೆ. ಅದು ಸಣ್ಣ ವಿಷಯ. ಒಳಗೆ ದಶಮಾಂಶ ಸಂಖ್ಯೆಗಳನ್ನ ಪ್ರೋಗ್ರಾಂನ ಒಂದು ಭಾಗದಿಂದ ಇನ್ನೊಂದಕ್ಕೆ ದಾಟಿಸೋ ಪದ್ಧತಿಯೇ ಬದಲಾಗಿತ್ತು. ಹಾಗಾಗಿ ಹಳೇ ಪ್ರೋಗ್ರಾಂನ ಹಾಗೇ ತಂದು ಹಾಕಿದರೆ ಓಡಲ್ಲ. ಹಳೇ ವ್ಯವಸ್ಥೆಯದ್ದೇ ಒಂದು ಕೋಣೆಯನ್ನ ಹೊಸದರೊಳಗೆ ಕಟ್ಟಿಕೊಡಬೇಕು.

ಇಲ್ಲೇ ಧರ್ಮಸಂಕಟ. ಹಳೇ ಗೆಳೆಯರಿಗಾಗಿ ಕೋಣೆ ಕಟ್ಟೋ ಪ್ರತಿ ವಾರವೂ, ಹೊಸದಾಗಿ ಮುಂಗಡ ಕೊಟ್ಟವರು ಕಾಯೋ ಇನ್ನೊಂದು ವಾರ. ದುಡ್ಡಿನ ಗಂಟು ಒಂದೇ, ಹಕ್ಕುದಾರರು ಇಬ್ಬರು. “ಹಳೇ ಗಿರಾಕಿಗೆ ಮೋಸ ಮಾಡಬಾರದು” ಅಂತ ಹೇಳೋದು ಸುಲಭ. ಆ ಒಳ್ಳೆಯತನದ ಬಿಲ್ಲು ಯಾರಿಗೆ ಹೋಗುತ್ತೆ ಅಂತಲೂ ಕೇಳಬೇಕಲ್ಲ?

ನಮ್ಮೂರ ರೈಲು ಹಳಿ ನೋಡಿದಾಗ ನನಗೆ ಸ್ವಲ್ಪ ದಾರಿ ಕಾಣುತ್ತೆ. ವಾಡಿ–ರಾಯಚೂರು ಮಾರ್ಗದಲ್ಲಿ ಸೈದಾಪುರ ಒಂದು ನಿಲ್ದಾಣ. 1871ರಲ್ಲಿ ಮುಂಬೈ ಕಡೆಯ ಹಳಿ, ಮದ್ರಾಸ್ ಕಡೆಯ ಹಳಿ ರಾಯಚೂರಿನಲ್ಲಿ ಕೂಡಿದವು. ಉಗಿ ಬಂಡಿ ಹೋಗಿ ಡೀಸೆಲ್ ಬಂತು, ಡೀಸೆಲ್ ಜಾಗಕ್ಕೆ ಕರೆಂಟ್ ಬಂತು. ಹಳಿಗಳ ನಡುವಿನ 1,676 ಮಿಲಿಮೀಟರ್ ಮಾತ್ರ ಬದಲಾಗಲಿಲ್ಲ. ಆದರೆ ಬೆಂಗಳೂರು–ಮೈಸೂರು, ಗದಗ–ವಿಜಯಪುರದ ಕಡೆ ಇದ್ದದ್ದು ಮೀಟರ್ ಗೇಜ್. ಅದನ್ನ ಕಿತ್ತು ಅಗಲ ಮಾಡಿದರು. ಹಳೇ ಎಂಜಿನ್ನು, ಡಬ್ಬಿ ಆ ಹಳಿಗೆ ಬಾರದಾದವು. ಅದನ್ನ ಯಾರೂ ನಂಬಿಕೆದ್ರೋಹ ಅನ್ನಲಿಲ್ಲ. ಕೆಲಸ ಮುಗಿಯೋತನಕ ಬಸ್ಸು ಹಿಡಿಯೋ ತಾಪತ್ರಯ ಜನರಿಗೆ ಇತ್ತು, ನಿಜ. ಆದರೆ ಬದಲಾವಣೆಯ ಖರ್ಚು ಹೊತ್ತಿದ್ದು ರೈಲ್ವೆ. ಹೊಸ ಗಾಡಿ ಹತ್ತೋಕೆ ಪ್ರಯಾಣಿಕ ತನ್ನ ಚೀಲ ಬದಲಿಸಬೇಕಾಗಲಿಲ್ಲ.

ಕನ್ನಡದ ಅಕ್ಷರಗಳ ವಿಷಯದಲ್ಲಿ ಹೀಗಾಗಲಿಲ್ಲ. ನುಡಿ, ಬರಹದಂಥ ತಂತ್ರಾಂಶಗಳು ಕಂಪ್ಯೂಟರಿಗೆ ಕನ್ನಡ ತಂದವು, ಆ ಋಣ ದೊಡ್ಡದು. ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನ ಕೂರಿಸಿದ್ದವು. ಫಾಂಟು ಇಲ್ಲದ ಕಡೆ ಫೈಲು ತೆಗೆದರೆ ಕಾಣೋದು ಅರ್ಥವಿಲ್ಲದ ಗೋಜಲು. ಯುನಿಕೋಡ್‌ಗೆ ಹೋಗಿದ್ದು ಸರಿಯೇ. ಹೋಗದಿದ್ದರೆ ಇವತ್ತು ಮೊಬೈಲಿನಲ್ಲಿ ಕನ್ನಡ ಹುಡುಕೋಕೂ ಆಗ್ತಿರಲಿಲ್ಲ. ಆದರೆ ಹಳೇ ಪುಸ್ತಕ, ಹಳೇ ಕಡತಗಳನ್ನ ಬದಲಿಸೋ ಕೆಲಸ ಬಹುಪಾಲು ಬಿದ್ದಿದ್ದು ಅವುಗಳನ್ನ ಟೈಪ್ ಮಾಡಿದವರ ತಲೆಗೇ. ಆಸಕ್ತರು ಪರಿವರ್ತಕಗಳನ್ನ ಬರೆದು ಉಚಿತವಾಗಿ ಹಂಚಿದರು. ಅದಾದ ಮೇಲೂ ಅರ್ಕಾವತ್ತು ಎಲ್ಲೋ ಹೋಗಿ ಕೂತಿರುತ್ತೆ, ಸಾಲು ಸಾಲು ಕಣ್ಣಾಡಿಸಿ ತಿದ್ದಬೇಕು.

ಹಾಗಾಗಿ ನನಗೆ ಅನ್ನಿಸೋದು ಇಷ್ಟು. ಹೊಸದರಲ್ಲಿ ಹಳೇದು ಎಂದೆಂದಿಗೂ ಓಡಲೇಬೇಕು ಅನ್ನೋ ಹಕ್ಕು ಯಾರಿಗೂ ಇಲ್ಲ. ಆದರೆ ನಾನು ಕಟ್ಟಿದ್ದನ್ನ ನಾನು ಹೊರಗೆ ತಗೊಂಡು ಹೋಗೋಕೆ ಒಂದು ಬಾಗಿಲು ಇರಬೇಕು. ಏನು ಓಡುತ್ತೆ, ಏನು ಓಡಲ್ಲ ಅನ್ನೋದನ್ನ ಮುಂಗಡ ಈಸಿಕೊಳ್ಳೋಕೆ ಮುಂಚೆಯೇ ಹೇಳಬೇಕು. ದುಡ್ಡು ಕಟ್ಟಿದ ಮೇಲೆ ಹೇಳಿದರೆ ಅದು ಮಾಹಿತಿ ಅಲ್ಲ, ಸಮಜಾಯಿಷಿ.

“ಪುಟ್ಟ ತಂಡ, ಅಷ್ಟೂ ಮಾಡೋಕೆ ದುಡ್ಡೆಲ್ಲಿ?” ಅಂತ ನೀವು ಕೇಳಬಹುದು. ನ್ಯಾಯವಾದ ಮಾತು. ಆದರೆ ಬಾಗಿಲು ತೆರೆದಿಡೋಕೆ ಹೆಚ್ಚು ದುಡ್ಡು ಬೇಡ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಬೆಂಗಳೂರಿನ ಎನ್‌ಕೋರ್ ಕಂಪನಿ ಜೊತೆ ಸೇರಿ ‘ಸಿಂಪ್ಯೂಟರ್’ ಅನ್ನೋ ಅಂಗೈ ಕಂಪ್ಯೂಟರ್ ರೂಪಿಸಿದಾಗ, ಲಿನಕ್ಸ್ ಬಳಸಿದ್ದಷ್ಟೇ ಅಲ್ಲ, ಯಂತ್ರದ ವಿನ್ಯಾಸಕ್ಕೂ ಒಂದು ಸಾರ್ವಜನಿಕ ಪರವಾನಗಿ ಬರೆದರು. ಮಾರುಕಟ್ಟೆಯಲ್ಲಿ ಅದು ಗೆಲ್ಲಲಿಲ್ಲ, ಆ ಯೋಚನೆ ಮಾತ್ರ ಸರಿ ಇತ್ತು. ಸೇತುವೆ ಕಟ್ಟೋ ಶಕ್ತಿ ನಿಮಗೆ ಇಲ್ಲದಿದ್ದರೆ ನಕ್ಷೆಯನ್ನಾದರೂ ಕೊಡಿ. ಕಟ್ಟೋ ಉಮೇದಿರೋರು ಬಳಕೆದಾರರಲ್ಲೇ ಸಿಗ್ತಾರೆ.

ಮುಂಗಡ ಕೊಡೋ ನಮ್ಮ ಮೇಲೂ ಒಂದು ಹೊಣೆ ಇದೆ. ಹೊಸ ಯಂತ್ರದ ಮೊದಲ ಪಟ್ಟಿಯಲ್ಲಿ ಹೆಸರು ಬರೆಸೋ ಆತುರದಲ್ಲಿ ನಾವು ಪ್ರೊಸೆಸರ್ ಯಾವುದು, ಬ್ಯಾಟರಿ ಎಷ್ಟು ಅಂತೆಲ್ಲ ಕೇಳ್ತೀವಿ. ಇದು ನಿಂತುಹೋದ ದಿನ ನನ್ನ ಕೆಲಸ ನನ್ನ ಕೈಗೆ ವಾಪಸ್ ಬರುತ್ತಾ ಅಂತ ಕೇಳೋದಿಲ್ಲ. ನಾವು ಕೇಳದೆ ಬಿಟ್ಟಿದ್ದಕ್ಕೆ ನಮ್ಮ ನಂತರ ಬರೋರೂ ಬೆಲೆ ಕಟ್ತಾರೆ.