ತಂಬಿಗೆ ಕಲಿಸುವ ಪಾಠ

ಪರರಿಂದ ಪಡೆಯುವುದು ಯಾವ ಸಂಸ್ಕೃತಿಗೂ ಅವಮಾನವಲ್ಲ. ಆದರೆ ಏನನ್ನು ಪಡೆಯುತ್ತೇವೆ, ರೂಪವನ್ನೋ ಅದರ ಹಿಂದಿನ ವಿವೇಕವನ್ನೋ ಎಂಬುದು ನೈತಿಕ ಪ್ರಶ್ನೆ. ಸ್ವತಂತ್ರ ಭಾರತದ ಆರಂಭದ ವರ್ಷಗಳು ಇದನ್ನು ಚೆನ್ನಾಗಿ ತಿಳಿಸುತ್ತವೆ.

ವಿಭಜನೆಯಲ್ಲಿ ಲಾಹೋರನ್ನು ಕಳೆದುಕೊಂಡ ಪಂಜಾಬಿಗೆ ಹೊಸ ರಾಜಧಾನಿ ಬೇಕಿತ್ತು. ಗತಕಾಲದ ಹೊರೆಯಿಲ್ಲದ ನಗರ ನೆಹರೂ ಅವರ ಆಶಯವಾಗಿತ್ತು. 1951ರಲ್ಲಿ ಬಂದ ವಾಸ್ತುಶಿಲ್ಪಿ ಲ ಕಾರ್ಬುಸಿಯೆ ಚಂಡೀಗಢದ ಉರಿಬಿಸಿಲನ್ನು ತಡೆಯಲು ಕಾಂಕ್ರೀಟಿನ ಆಳವಾದ ಮರೆಗಳನ್ನು ಕಟ್ಟಿಸಿದರು. ಆ ರೂಪದ ಹಿಂದೆ ಸ್ಥಳವನ್ನು ಕುರಿತ ವಿಚಾರವಿತ್ತು.

ಅದೇ ದಶಕದಲ್ಲಿ ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಸರ್ಕಾರದ ಆಹ್ವಾನದ ಮೇರೆಗೆ ದೇಶವನ್ನು ಸುತ್ತಿ, 1958ರಲ್ಲಿ ವರದಿ ಸಲ್ಲಿಸಿದರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಹುಟ್ಟಿದ್ದು ಅದರ ಫಲವಾಗಿ. ಪಾಶ್ಚಾತ್ಯ ಆಧುನಿಕತೆಯ ಆ ಪ್ರತಿನಿಧಿಗಳು ಭಾರತದಲ್ಲಿ ಕಂಡ ವಸ್ತುಗಳಲ್ಲೆಲ್ಲ ಹೆಚ್ಚು ಮೆಚ್ಚಿದ್ದು ಸಾಮಾನ್ಯ ತಂಬಿಗೆಯನ್ನು! ಅದರಲ್ಲಿ ಎಷ್ಟು ನೀರು ಹಿಡಿಯಬೇಕು? ಹೊರುವುದು ತಲೆಯ ಮೇಲೋ, ಸೊಂಟದಲ್ಲೋ? ಎತ್ತುವ ಕೈಗೆ ಬಲವೆಷ್ಟು? ಬೆಲೆಯೆಷ್ಟು? ಯಾವನೊಬ್ಬನೂ ಅದನ್ನು ರಚಿಸಲಿಲ್ಲ. ತಲೆಮಾರುಗಳು ಇಂಥ ಪ್ರಶ್ನೆಗಳಿಗೆ ಉತ್ತರಿಸುತ್ತ ಅದನ್ನು ತಿದ್ದಿದವು.

ಓದುಗರೇ, ಅತಿಥಿಗಳು ನಮ್ಮ ತಂಬಿಗೆಯ ಮುಂದೆ ತಲೆಬಾಗಿದರು. ನಾವಾದರೋ ಅವರ ಪ್ರಶ್ನೆಗಳನ್ನು ಬಿಟ್ಟು ರೂಪಗಳನ್ನಷ್ಟೇ ತಂದುಕೊಂಡೆವು. ಆಧುನಿಕತೆಯ ಗುರುತೆಂದು ಕಾಂಕ್ರೀಟಿನ ಸಮತಟ್ಟಾದ ತಾರಸಿಯನ್ನು ಎಲ್ಲೆಡೆ ಎರಕ ಹೊಯ್ದೆವು. ಮಳೆ ಕಡಿಮೆಯಿರುವ ಬಯಲುಸೀಮೆಯಲ್ಲಿ ಮಾಳಿಗೆಮನೆ ಹಿಂದಿನಿಂದಲೂ ಇತ್ತು, ಅಲ್ಲಿಗೆ ಅದು ಒಪ್ಪುತ್ತದೆ. ಆದರೆ ಮಲೆನಾಡಿನಲ್ಲೂ ಕರಾವಳಿಯಲ್ಲೂ ಸೋರುವ ತಾರಸಿಯ ಮೇಲೆ ಮತ್ತೆ ಇಳಿಜಾರಿನ ತಗಡು ಹೊದಿಸುವುದನ್ನು ನೀವೂ ಕಂಡಿದ್ದೀರಿ. ತ್ಯಜಿಸಿದ ಹಂಚಿನ ಮಾಡಿನ ಜಾಣ್ಮೆಯನ್ನೇ ಎರಡನೆಯ ಬಾರಿ ಹಣ ತೆತ್ತು ಕೊಂಡಂತಾಯಿತು.

ಹಾಗೆಂದು ಹಳೆಯದೆಲ್ಲವೂ ಪವಿತ್ರವಲ್ಲ. ವರ್ಷವರ್ಷ ಹುಲ್ಲು ಹೊದಿಸಿ ಬಸವಳಿದ ಬಡವನಿಗೆ ಕಾಂಕ್ರೀಟು ಮನೆ ಘನತೆಯನ್ನು ತಂದಿದೆ. ಉಳ್ಳವರು ತಮ್ಮ ಕಣ್ಣಿನ ಸೊಗಸಿಗಾಗಿ ಅವನನ್ನು ಗುಡಿಸಲಿನಲ್ಲೇ ಇರಿಸಬಯಸುವುದು ಸಂಸ್ಕೃತಿಪ್ರೇಮವಲ್ಲ, ಕ್ರೌರ್ಯ. ಕುರುಡು ಅನುಕರಣೆ, ಕುರುಡು ಅಭಿಮಾನ ಎರಡೂ ಎದುರಿಗಿರುವ ಮನುಷ್ಯನನ್ನು ಕಾಣುವುದಿಲ್ಲ. ಒಂದಕ್ಕೆ ನೆರೆಯವರ ಮುಂದೆ ಸಣ್ಣವರಾಗುವ ಭಯ; ಇನ್ನೊಂದಕ್ಕೆ ಪೂರ್ವಜರ ಹೆಸರಿನ ಅಹಂಕಾರ.

ಆದುದರಿಂದ ಮನೆಯನ್ನೋ ಶಾಲೆಯನ್ನೋ ಕಟ್ಟಹೊರಟಾಗ ‘ಇದು ನಮ್ಮದೋ, ಪರರದ್ದೋ?’ ಎಂಬ ಪ್ರಶ್ನೆಗಿಂತ ಮೊದಲು ತಂಬಿಗೆಯ ಪ್ರಶ್ನೆಗಳನ್ನು ಕೇಳಿಕೊಳ್ಳೋಣ: ಇದನ್ನು ಬಳಸುವವರು ಯಾರು? ಮಳೆಯ ನೀರು ಎತ್ತ ಹರಿಯುತ್ತದೆ? ಮೆಟ್ಟಿಲೇರಲಾಗದ ಅಜ್ಜಿ ಎಲ್ಲಿ ಕುಳಿತುಕೊಳ್ಳುತ್ತಾಳೆ?