ಸಂತೆಯಲ್ಲಿ ನಿದ್ದೆ ಬರುವುದು ಯಾರಿಗೆ?

“ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ” ಎಂಬ ಗಾದೆಯನ್ನು ನಾವು ಹೆಚ್ಚಾಗಿ ಬೈಗುಳದಂತೆ ಬಳಸುತ್ತೇವೆ. ಪರೀಕ್ಷೆ ಹತ್ತಿರ ಬಂದರೂ ಏಳದ ಮಗನಿಗೆ, ಸಾಲ ಕೊಟ್ಟವರು ಬಾಗಿಲಿಗೆ ಬಂದರೂ ಕದಲದ ಯಜಮಾನನಿಗೆ. ಆದರೆ ಹೊಣೆಗೇಡಿ ಸಂತೆಗೆ ಯಾಕೆ ಬರುತ್ತಾನೆ? ಅವನು ಮನೆಯಲ್ಲೇ ಮಲಗುತ್ತಾನೆ. ಸಂತೆಗೆ ಬಂದವರಿಗೆ ಮಾರುವುದೋ ಕೊಳ್ಳುವುದೋ ಇದ್ದೇ ಇರುತ್ತದೆ.

ಮಧ್ಯಾಹ್ನ ಮೂರರ ಹೊತ್ತಿಗೆ ಬೆಂಗಳೂರಿನ ವಿಜಯನಗರದ ಮಾರುಕಟ್ಟೆ ಕಡೆ ಹೋಗಿ ನೋಡಿ. ನಸುಕಿನಲ್ಲೇ ಸೊಪ್ಪು ತಂದ ಹೆಂಗಸು ಒದ್ದೆ ಗೋಣಿ ಹೊದಿಸಿದ ಕಟ್ಟುಗಳ ಪಕ್ಕದಲ್ಲಿ, ಸೆರಗನ್ನು ಮುಖಕ್ಕೆಳೆದುಕೊಂಡು ಮಲಗಿರುತ್ತಾಳೆ. ಗಿರಾಕಿ ಬಂದರೆ ಪಕ್ಕದವಳು ಸಬ್ಬಸಿಗೆ ಕಟ್ಟು ಎತ್ತಿಕೊಟ್ಟು, ಚಿಲ್ಲರೆಯನ್ನು ಗೋಣಿಯಡಿಗೆ ತಳ್ಳುತ್ತಾಳೆ. ಇವಳು ಎದ್ದ ಮೇಲೆ ಅವಳ ಸರದಿ. ಬಾಡಿಗೆ, ಚೀಟಿ ದುಡ್ಡು, ಮಕ್ಕಳ ಫೀಸು ಯಾವುದೂ ಇವಳಿಗೆ ತಪ್ಪಿಲ್ಲ. ಆ ಅರ್ಧ ಗಂಟೆ ಗಂಟು ಕಾಯಲು ಇನ್ನೊಬ್ಬರಿದ್ದಾರೆ, ಅಷ್ಟೇ. ಗಾದೆಯ ‘ಚಿಂತೆ ಇಲ್ಲದವನು’ ಇಂಥವಳೇ ಇರಬೇಕು.

ನಮ್ಮಲ್ಲಿ ಹೆಚ್ಚಿನವರಿಗೆ ಆ ಅರ್ಧ ಗಂಟೆಯೇ ಇಲ್ಲ. 2021ರಲ್ಲಿ ಕೆಂಗೇರಿಗೆ ಮೆಟ್ರೊ ಬಂತು. 2023ರ ಅಕ್ಟೋಬರಿನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ಸುಮಾರು 43 ಕಿ.ಮೀ. ಒಂದೇ ರೈಲಿನಲ್ಲಿ ಹೋಗಬಹುದು. ಮೈಸೂರು ರಸ್ತೆಯ ಜಾಮ್ ತಪ್ಪಿತು, ಆಫೀಸಿನ ಗ್ರೂಪ್ ಮಾತ್ರ ಮೊಬೈಲಿನಲ್ಲಿ ಜೊತೆಗೇ ಬರುತ್ತದೆ. ಒತ್ತಡ ಬಂದಾಗ ದೇಹ ಅಡ್ರಿನಲಿನ್, ಕಾರ್ಟಿಸಾಲ್ ಸುರಿಸುತ್ತದೆ. ಕಷ್ಟ ಕಳೆದ ಮೇಲೆ ಅವು ಇಳಿಯಬೇಕು. ಇಳಿಯಲು ಬಿಡುವೇ ಕೊಡದಿದ್ದರೆ ನಿದ್ದೆ ಕೆಡುತ್ತದೆ, ಬಿ.ಪಿ. ಏರುತ್ತದೆ. ಆ ಬಿಡುವಿಗಾಗಿ ಅತ್ತಿಗುಪ್ಪೆಯ ಮನೆಗೆ ಮರಳುವವರು ಒಂದು ನಿಲ್ದಾಣ ಮೊದಲೇ, ವಿಜಯನಗರದಲ್ಲೇ ಇಳಿದು ನಡೆಯಲಿ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆದರೂ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಂಜೆಯ ಮೇಲೆ ಕಾಫಿ ಬೇಡ. ಎದೆ ಡವಡವ ಅಂದಾಗ ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಿ.

ಇಷ್ಟು ಒಬ್ಬರೇ ಮಾಡಿಕೊಳ್ಳಬಹುದು. ಗಂಟು ಕಾಯುವ ಕೆಲಸಕ್ಕೆ ಮಾತ್ರ ಇನ್ನೊಬ್ಬರು ಬೇಕೇ ಬೇಕು, ನಮ್ಮ ಮನೆಗಳು ಸೋಲುವುದೂ ಅಲ್ಲೇ. ಬಸವೇಶ್ವರನಗರದ ಯಾವುದೇ ಮನೆಗೆ ಹೋಗಿ: ಅತ್ತೆಯ ಶುಗರ್ ಮಾತ್ರೆ, ಮಗಳ ಟ್ಯೂಷನ್, ಗ್ಯಾಸ್ ಬುಕಿಂಗ್, ಕಾವೇರಿ ನೀರು ಬರುವ ಹೊತ್ತು, ಎಲ್ಲವೂ ಒಬ್ಬಳ ತಲೆಯಲ್ಲಿ. “ಹೇಳಿದ್ರೆ ನಾನೇ ಮಾಡ್ತಿದ್ನಲ್ಲ” ಎನ್ನುತ್ತಾನೆ ಗಂಡ. ನೆನಪಿಟ್ಟುಕೊಂಡು ಹೇಳಬೇಕಾದದ್ದೇ ಅವಳ ಭಾರ ಎಂಬುದು ಅವನಿಗೆ ಹೊಳೆಯುವುದಿಲ್ಲ. ಸೊಪ್ಪಿನವಳ ಪಕ್ಕದವಳು ಪ್ರತಿ ಗಿರಾಕಿಗೂ ಅವಳನ್ನು ಎಬ್ಬಿಸಿ ಕೇಳುವುದಿಲ್ಲ. ಮಾತ್ರೆಯ ಜವಾಬ್ದಾರಿ ವಹಿಸಿಕೊಂಡರೆ ತೀರುವ ಮೊದಲೇ ತರುವುದರವರೆಗೆ ಪೂರ್ತಿ ವಹಿಸಿಕೊಳ್ಳಬೇಕು.

ಮನೆಯಲ್ಲಿ ಹಾಗೆ ವಹಿಸಿಕೊಳ್ಳುವವರೇ ಇಲ್ಲದವರೂ ಇದ್ದಾರೆ. ವಾರಗಟ್ಟಲೆ ನಿದ್ದೆಯಿಲ್ಲದೆ, ಊಟ ಸೇರದೆ, ಬದುಕೇ ಬೇಡವೆನಿಸುತ್ತಿದ್ದರೆ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿ ಇದು. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.