ಒಂದು ಸಾಕಲ್ವಾ?

ಕ್ಯಾಮೆರಾ ಕೊಳ್ಳಬೇಕೆಂದು ಎಂಟು ತಿಂಗಳಲ್ಲಿ ಕೂಡಿಟ್ಟದ್ದು 14,000 ರೂಪಾಯಿ. ಸಂಶೋಧನಾ ವಿದ್ಯಾರ್ಥಿಯ ಲೆಕ್ಕದಲ್ಲಿ ಇದು ಸಣ್ಣ ಮೊತ್ತವಲ್ಲ. ಕ್ಯಾಮೆರಾ ಅಂಗಡಿಯ ಲೆಕ್ಕದಲ್ಲಿ ಮೊತ್ತವೇ ಅಲ್ಲ. ಹೊಸದರ ಆಸೆಯನ್ನು ಮೊದಲ ದಿನವೇ ಬಿಟ್ಟೆ. ಮತ್ತೆ ಉಳಿದದ್ದು ಎರಡು ದಾರಿ.

ತೊಕ್ಕೊಟ್ಟಿನಲ್ಲಿ ಸ್ಟುಡಿಯೋ ಇಟ್ಟುಕೊಂಡಿರುವ, ನನಗೆ ಪರಿಚಯದ ಅಣ್ಣ ಒಬ್ಬರ ಕಪಾಟಿನಲ್ಲಿ ಹಳೆಯ ಪೆಂಟಾಕ್ಸ್ ಕೆ1000 ಇತ್ತು. 1976ರಿಂದ 1997ರವರೆಗೆ ತಯಾರಾದ ಫಿಲ್ಮ್ ಕ್ಯಾಮೆರಾ ಅದು. ಫೋಟೋಗ್ರಫಿ ಕಲಿಯಲು ಹೊರಟ ಎಷ್ಟೋ ದೇಶದ ವಿದ್ಯಾರ್ಥಿಗಳ ಕೈಗೆ ಮೊದಲು ಬಂದದ್ದು ಅದೇ. ಬ್ಯಾಟರಿ ಮುಗಿದರೆ ಬೆಳಕು ಅಳೆಯುವ ಮೀಟರ್ ಮಾತ್ರ ನಿಲ್ಲುತ್ತದೆ, ಶಟರ್ ಕೆಲಸ ಮಾಡುತ್ತಲೇ ಇರುತ್ತದೆ. 8,000ಕ್ಕೆ ಕೊಡುತ್ತೇನೆ ಎಂದರು. ಇನ್ನೊಂದು, ಮಂಗಳೂರಿನ ಹುಡುಗನೊಬ್ಬ ಮಾರಲು ಇಟ್ಟಿದ್ದ ಕ್ಯಾನನ್ 1200ಡಿ. 2014ರಲ್ಲಿ ಮಾರುಕಟ್ಟೆಗೆ ಬಂದ 18 ಮೆಗಾಪಿಕ್ಸೆಲ್ಲಿನ ಡಿಜಿಟಲ್ ಕ್ಯಾಮೆರಾ, ಜೊತೆಗೆ 18-55 ಲೆನ್ಸು. ಬೆಲೆ 11,000.

ಎರಡನ್ನೂ ನೋಡಲು ಟಾರ್ಚ್ ಹಿಡಿದುಕೊಂಡು ಹೋಗಿದ್ದೆ. ನಮ್ಮ ಕರಾವಳಿಯಲ್ಲಿ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಳ್ಳುವವರು ಮೊದಲು ನೋಡಬೇಕಾದದ್ದು ಫಂಗಸ್. ಉಪ್ಪಿನಕಾಯಿ ಭರಣಿಗೆ ಬರುವಂತೆಯೇ ಲೆನ್ಸಿನ ಗಾಜಿಗೂ ಬೂಷ್ಟು ಬರುತ್ತದೆ. ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿದರೆ ಜೇಡರ ಬಲೆಯ ಹಾಗೆ ಬಿಳಿ ಎಳೆಗಳು ಕಾಣುತ್ತವೆ. ಆಮೇಲೆ ಫಿಲ್ಮ್ ಕ್ಯಾಮೆರಾದ ಹಿಂಬಾಗಿಲು ತೆರೆದು ಅಂಚಿನ ಕಪ್ಪು ಫೋಮ್ ಮುಟ್ಟಿ ನೋಡಬೇಕು. ಅದು ಅಂಟಂಟಾಗಿದ್ದರೆ ಬೆಳಕು ಒಳಗೆ ಸೋರುತ್ತದೆ. ಡಿಜಿಟಲ್ ಆದರೆ ಅದರ ಶಟರ್ ಎಷ್ಟು ಸಲ ಬಿದ್ದಿದೆ ಎಂದು ಕೇಳಬೇಕು, ಉತ್ತರವನ್ನು ಪೂರ್ತಿ ನಂಬಬಾರದು. ಪೆಂಟಾಕ್ಸಿನ ಲೆನ್ಸಿನ ಅಂಚಿನಲ್ಲಿ ಚೂರು ಬೂಷ್ಟಿತ್ತು. "ಅದು ಫೋಟೋದಲ್ಲಿ ಕಾಣುದಿಲ್ಲ ಮಾರಾಯ್ರೇ" ಎಂದರು ಸ್ಟುಡಿಯೋದ ಅಣ್ಣ. ನಿಜವೇ, ಅಷ್ಟು ಸಣ್ಣದು ಕಾಣುವುದಿಲ್ಲ.

ತೊಡಕು ಶುರುವಾದದ್ದು ನಂತರದ ಲೆಕ್ಕದಲ್ಲಿ. 36 ಚಿತ್ರಗಳ ಒಂದು ಕಲರ್ ರೋಲಿಗೆ ಸಾವಿರದ ಹತ್ತಿರ. ಅಣ್ಣನ ಸ್ಟುಡಿಯೋದಲ್ಲಿ ಫಿಲ್ಮ್ ತೊಳೆಯುವುದು ನಿಂತು ವರ್ಷಗಳಾದವು, ಬೆಂಗಳೂರಿಗೆ ಕಳಿಸಬೇಕು. ತೊಳೆದು ಸ್ಕ್ಯಾನ್ ಮಾಡಿಸಲು 500, ಹೋಗಿಬರುವ ಕೊರಿಯರಿಗೆ 200. ಒಟ್ಟು 1,700. ಭಾಗಿಸಿದರೆ ಒಂದು ಕ್ಲಿಕ್ಕಿಗೆ 47 ರೂಪಾಯಿ. ಎರಡು ಕ್ಲಿಕ್ಕಿಗೆ ಒಂದು ಮೀನೂಟ. ಪೆಂಟಾಕ್ಸ್ ಕೊಂಡರೆ ಕೈಯಲ್ಲಿ ಉಳಿಯುವ 6,000ದಲ್ಲಿ ಮೂರು ರೋಲು, ಅಂದರೆ 108 ಚಿತ್ರ. ಡಿಜಿಟಲ್ಲಿನಲ್ಲಿ ಕ್ಲಿಕ್ಕಿಗೆ ಬೆಲೆಯೇ ಇಲ್ಲ.

ಹಾಗಾದರೆ ಯೋಚಿಸುವುದಕ್ಕೆ ಏನಿದೆ ಎಂದು ನೀವು ಕೇಳಬಹುದು. ಕೊಣಾಜೆಯ ಬಸ್ಸಿನಲ್ಲಿ ದಿನಾ ಜೊತೆಯಾಗುವ ಗೆಳೆಯನೂ ಕೇಳಿದ, ಆದರೆ ಉಲ್ಟಾ. ಅವನು ಫಿಲ್ಮಿನ ಪಕ್ಷ. ಪ್ರತಿ ಚಿತ್ರಕ್ಕೂ ದುಡ್ಡು ಹೋಗುವಾಗ ಮನುಷ್ಯ ನಿಂತು ನೋಡುತ್ತಾನೆ, ಕಾಯುತ್ತಾನೆ, ಬೇಡದ್ದನ್ನು ಬಿಡುತ್ತಾನೆ; ಡಿಜಿಟಲ್ ನಮ್ಮನ್ನು ಹೊಟ್ಟೆಬಾಕರನ್ನಾಗಿ ಮಾಡಿದೆ ಎಂಬುದು ಅವನ ವಾದ. ಮೂಡಿಗೆರೆಯಲ್ಲಿ ಕುಳಿತು ಹಕ್ಕಿಗಳ ಚಿತ್ರ ತೆಗೆದ ತೇಜಸ್ವಿಯವರನ್ನೂ ಸಾಕ್ಷಿಗೆ ಕರೆದ. (ತೇಜಸ್ವಿಯವರನ್ನು ಕರೆದರೆ ಕನ್ನಡದ ಹುಡುಗರ ನಡುವೆ ವಾದ ಅಲ್ಲಿಗೇ ಮುಗಿಯಬೇಕು ಎಂಬ ನಿಯಮ ಇದೆಯೋ ಏನೋ.) ಬಡತನದಿಂದ ಬಂದ ಸಂಯಮ ಸಂಯಮ ಹೇಗಾಗುತ್ತದೆ, ಜೇಬು ಖಾಲಿಯಿದ್ದವನು ಬಾರಿಗೆ ಹೋಗದಿರುವುದನ್ನು ವ್ರತ ಅನ್ನುತ್ತೀಯಾ ಎಂದು ಅವನ ಬಾಯಿ ಮುಚ್ಚಿಸಿದೆ. ಆದರೆ ಅವನ ಮಾತು ನನಗೆ ತಾಗಿತ್ತು. ತಾಗಿದ್ದಕ್ಕೆ ಕಾರಣ ಅವನಿಗೆ ಗೊತ್ತಿರಲಿಲ್ಲ.

ಹಿಂದಿನ ಜೂನಿನಲ್ಲಿ ಸೋಮೇಶ್ವರ ಉಚ್ಚಿಲದ ಕಡೆ ಸಮುದ್ರ ಮೇಲೆ ಬಂದಿತ್ತು. ಉಳ್ಳಾಲದಿಂದ ಉಚ್ಚಿಲದವರೆಗಿನ ತೀರದವರಿಗೆ ಇದು ಮಳೆಗಾಲದ ಮಾಮೂಲಿ ಸುದ್ದಿ. ಎಷ್ಟು ಕಪ್ಪುಕಲ್ಲು ತಂದು ಸುರಿದರೂ ಒಂದು ಕಡೆ ಬಿಟ್ಟ ಸಮುದ್ರ ಇನ್ನೊಂದು ಕಡೆ ಕೊರೆಯುತ್ತದೆ. ಗೆಳೆಯರೊಬ್ಬರ ಡಿಜಿಟಲ್ ಕ್ಯಾಮೆರಾ ಎರವಲು ತಂದು ಹೋಗಿದ್ದೆ. ಒಂದು ಮನೆಯ ಹಿಂಗೋಡೆ ಆಗಲೇ ಬಿದ್ದಿತ್ತು. ಆ ಮನೆಯ ಅಕ್ಕ ಸಾಮಾನು ಹೊರಗೆ ಸಾಗಿಸುತ್ತಿದ್ದರು: ಹಂಡೆ, ಮಡಚುವ ಮಂಚ, ಗೋಡೆಯಿಂದ ಕಿತ್ತ ಸ್ವಿಚ್ ಬೋರ್ಡು. ಕಡೆಯುವ ಕಲ್ಲನ್ನು ಮಾತ್ರ ಎತ್ತಲು ಆಗದೆ ಅಂಗಳದಲ್ಲಿ ಉರುಳಿಸುತ್ತಿದ್ದರು. ನಾನು ಫೋಟೋ ತೆಗೆಯುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವರು ನೆಟ್ಟಗೆ ನಿಂತು ನನ್ನನ್ನು ನೋಡಿ ತುಳುವಿನಲ್ಲಿ ಕೇಳಿದರು, "ಎಷ್ಟು ತೆಗೀತಿ ಮಗಾ? ಒಂದು ಸಾಕಲ್ವಾ?"

ಸಿಟ್ಟಿನಿಂದಲ್ಲ. ಮಗು ಮೂರನೇ ಸಲ ಬೆಲ್ಲ ಕೇಳಿದಾಗ ಹೇಳುವ ದನಿಯಲ್ಲಿ.

ಆಮೇಲೆ ಎಣಿಸಿದೆ. ಆ ಸಂಜೆ ಒಟ್ಟು 412 ಚಿತ್ರ. ಅವರೊಬ್ಬರದ್ದೇ 23. ಫಿಲ್ಮಿನಲ್ಲಾಗಿದ್ದರೆ ಆ ಸಂಜೆಯ ಖರ್ಚು 19,000 ದಾಟುತ್ತಿತ್ತು. ಡಿಜಿಟಲ್ಲಾದ್ದರಿಂದ ಏನೂ ಆಗಲಿಲ್ಲ ಅಂದುಕೊಂಡಿದ್ದೆ. ಆದರೆ ಬೆಲೆ ಇಲ್ಲದಾಗಿರಲಿಲ್ಲ. ನಾನು ಕೊಡಬೇಕಾದದ್ದನ್ನು ಅವರು ಕೊಟ್ಟಿದ್ದರು. ಕೊಡೆ ಹಿಡಿಯಲೂ ಕೈ ಖಾಲಿಯಿಲ್ಲದ ಹೊತ್ತಿನಲ್ಲಿ 23 ಸಲ ಒಬ್ಬ ಅಪರಿಚಿತನ ಕಣ್ಣಿಗೆ ಸಿಕ್ಕಿದ್ದರು. ನನ್ನ ಬೆರಳಿಗೆ ಬಿಟ್ಟಿಯಾದದ್ದು ಅವರಿಗೆ ಬಿಟ್ಟಿಯಾಗಿರಲಿಲ್ಲ.

ಹಾಗಾದರೆ ಗೆಳೆಯ ಹೇಳಿದ್ದೇ ಸರಿಯಲ್ಲವೇ? ಪೆಂಟಾಕ್ಸ್ ಕೊಂಡು, 47 ರೂಪಾಯಿಯ ಭಯದಲ್ಲಿ ಬೆರಳನ್ನು ಕಟ್ಟಿಹಾಕಿಕೊಳ್ಳಬಹುದಲ್ಲ? ಹಾಗೆಂದು ನಿರ್ಧರಿಸಿ ಊರಿಗೆ ಹೋದೆ, ಉಳಿದ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ ತರುವ ಯೋಚನೆಯಿಂದ. ಅಲ್ಲಿ ಗೋಡೆಯ ಮೇಲೆ ಅಜ್ಜಿ ಇದ್ದರು.

ಮುಂಬೈಯ ಹೋಟೆಲಿನಲ್ಲಿ ದುಡಿಯುತ್ತಿದ್ದ ದೊಡ್ಡಪ್ಪ ಒಂದು ಕಾಲದಲ್ಲಿ ಆಗ್ಫಾ ಕ್ಲಿಕ್ ಕ್ಯಾಮೆರಾ ತಂದಿದ್ದರಂತೆ. 120 ಅಳತೆಯ ರೋಲಿಗೆ 12 ಚೌಕದ ಚಿತ್ರ. ಕಪ್ಪು-ಬಿಳುಪು ಫಿಲ್ಮನ್ನು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 'ಇಂದು' ಎಂಬ ಹೆಸರಿನಲ್ಲಿ ತಯಾರಿಸುತ್ತಿದ್ದ ಕಾಲ. ಒಂದು ರೋಲು ಮುಗಿಯಲು ವರ್ಷ ಹಿಡಿಯುತ್ತಿತ್ತು. ಆ ಆಲ್ಬಂ ಈಗಲೂ ಉಂಟು. ದೊಡ್ಡಪ್ಪನ ಗೆಳೆಯರು, ಹೊಸ ಸೈಕಲ್, ಅತ್ತೆಯ ಮದುವೆಯ ಗುಂಪು, ಜೆರ್ಸಿ ದನದ್ದು ಎರಡು. ಅಜ್ಜಿಯದ್ದು ಒಂದೂ ಇಲ್ಲ. ಮದುವೆಯ ಗುಂಪಿನಲ್ಲಿ ಹುಡುಕಿದರೆ, ಅವರು ಒಳಗೆ ಅನ್ನ ಬಸಿಯುತ್ತಿದ್ದರು ಎಂದು ಅಮ್ಮ ಹೇಳುತ್ತಾರೆ. ಅಜ್ಜಿಯ ಮುಖ ಮೊದಲ ಬಾರಿಗೆ ಚಿತ್ರವಾದದ್ದು ಮತದಾರರ ಗುರುತಿನ ಚೀಟಿಗೆ. ಚುನಾವಣಾ ಆಯೋಗ 1993ರಲ್ಲಿ ಭಾವಚಿತ್ರದ ಚೀಟಿಯನ್ನು ತರದೇ ಹೋಗಿದ್ದರೆ ಅದೂ ಇರುತ್ತಿರಲಿಲ್ಲ. ಅವರು ತೀರಿಕೊಂಡಾಗ ಸ್ಟುಡಿಯೋದವರು ಅದನ್ನೇ ದೊಡ್ಡದು ಮಾಡಿ, ಕಂಪ್ಯೂಟರಿನಲ್ಲಿ ಹಸಿರು ಸೀರೆ ಉಡಿಸಿ, ಹಿಂದೆ ನೀಲಿ ಆಕಾಶ ಹಾಕಿ ಕೊಟ್ಟರು. ಹಸಿರು ಸೀರೆ ಅವರ ಬಳಿ ಇರಲಿಲ್ಲವಂತೆ.

ಗೆಳೆಯ ಹೇಳುವ ಸಂಯಮದ ಫಲ ಅದು. 12ರಲ್ಲಿ ಆರಿಸುವಾಗ ಮನುಷ್ಯ ನಿಂತು ಯೋಚಿಸುತ್ತಾನೆ, ಸರಿ. ಯೋಚಿಸಿ ದನವನ್ನು ಆರಿಸುತ್ತಾನೆ. ದೊಡ್ಡಪ್ಪ ಕೆಟ್ಟವರಲ್ಲ, ಅಮ್ಮನ ಮೇಲೆ ಪ್ರೀತಿ ಇದ್ದವರು. ಅಜ್ಜಿ ಹೇಗೂ ದಿನಾ ಇರುತ್ತಾರೆ, ದಿನಾ ಇರುವವರಿಗೆ ಯಾಕೆ ಒಂದು ಚಿತ್ರ ದಂಡ ಮಾಡುವುದು ಎಂದಷ್ಟೇ ಅವರಿಗೆ ಅನಿಸಿರಬೇಕು. ಚಿತ್ರ ದುಬಾರಿಯಾದಾಗ ಮೊದಲು ಹೊರಗುಳಿಯುವವರು ದಿನಾ ಇರುವವರು. 1900ರಲ್ಲಿ ಕೊಡಾಕ್ ಒಂದು ಡಾಲರಿನ ಬ್ರೌನಿ ಪೆಟ್ಟಿಗೆಯನ್ನು ಮಾರಿದಾಗ, 1975ರಲ್ಲಿ ಅದೇ ಕಂಪನಿಯ ಸ್ಟೀವನ್ ಸಾಸನ್ 0.01 ಮೆಗಾಪಿಕ್ಸೆಲ್ಲಿನ ಚಿತ್ರವೊಂದನ್ನು 23 ಸೆಕೆಂಡ್ ತೆಗೆದುಕೊಂಡು ಕ್ಯಾಸೆಟ್ಟಿಗೆ ಇಳಿಸಿದಾಗ, ಚೌಕಟ್ಟಿನ ಹೊರಗಿದ್ದವರಿಗೆ ಬಾಗಿಲು ಸ್ವಲ್ಪ ಸ್ವಲ್ಪ ತೆರೆಯಿತು. ಇವತ್ತು ಎಲ್ಲರ ಅಜ್ಜಿಯರೂ ಯಾರದ್ದೋ ಮೊಬೈಲಿನಲ್ಲಿ ನಗುತ್ತಿದ್ದಾರೆ. ಅದನ್ನು ಹೊಟ್ಟೆಬಾಕತನ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ದುಬಾರಿ ಚಿತ್ರ ಅಂದರೆ ಗೌರವದ ಚಿತ್ರ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ನನ್ನ ಸಂಶೋಧನೆಗೆ ಬೇಕಾಗಿ 'ದಿ ಪೀಪಲ್ ಆಫ್ ಇಂಡಿಯಾ' ಸಂಪುಟಗಳನ್ನು ನೋಡಬೇಕಾಗಿ ಬಂದಿತ್ತು. 1868ರಿಂದ 1875ರ ನಡುವೆ ಬಂದ ಎಂಟು ಸಂಪುಟ, 400ಕ್ಕೂ ಹೆಚ್ಚು ಚಿತ್ರ. ಗಾಜಿನ ಫಲಕಕ್ಕೆ ರಾಸಾಯನಿಕ ಹಚ್ಚಿ, ಅದು ಆರುವ ಮೊದಲೇ ಚಿತ್ರ ತೆಗೆದು ತೊಳೆಯಬೇಕಾಗಿದ್ದ ಕಾಲದ ಕೆಲಸ ಅದು. ಒಂದೊಂದು ಚಿತ್ರಕ್ಕೂ ಅಷ್ಟು ದುಡ್ಡು, ಅಷ್ಟು ಹೊತ್ತು, ಅಷ್ಟು ತಾಳ್ಮೆ. ಆದರೂ ಅಡಿಬರಹದಲ್ಲಿ ಬಹಳಷ್ಟು ಜನರಿಗೆ ಹೆಸರಿಲ್ಲ, ಜಾತಿಯ ಹೆಸರು ಮಾತ್ರ. ಎದುರಿಗೆ ಅಲ್ಲಾಡದೆ ಕೂತವರನ್ನು ಮಾದರಿಗಳ ಹಾಗೆ ಎಣಿಸಿದ್ದಾರೆ. ಅವರಿಗೆ ತಮ್ಮ ಚಿತ್ರದ ಒಂದು ಪ್ರತಿ ಸಿಕ್ಕಿತೇ ಎಂದು ಆ ಪುಟಗಳ ಮುಂದೆ ಕೂತಾಗೆಲ್ಲ ಅನಿಸುತ್ತದೆ.

ಆ ಪ್ರಶ್ನೆಯೇ ನನ್ನ ಲೆಕ್ಕವನ್ನು ತಿರುಗಿಸಿತು. ನಾನು ಇಷ್ಟು ದಿನ ಚಿತ್ರ ತೆಗೆಯುವ ಖರ್ಚನ್ನು ಮಾತ್ರ ಲೆಕ್ಕ ಹಾಕುತ್ತಿದ್ದೆ. ಕೊಡುವ ಖರ್ಚು ನನ್ನ ಪಟ್ಟಿಯಲ್ಲೇ ಇರಲಿಲ್ಲ. ನಾಲ್ಕು ಇಂಚು ಆರು ಇಂಚಿನ ಒಂದು ಪ್ರಿಂಟಿಗೆ ಸ್ಟುಡಿಯೋದಲ್ಲಿ 12 ರೂಪಾಯಿ. ಕ್ಯಾನನ್ ಕೊಂಡರೆ ಉಳಿಯುವುದು 3,000. ಮೆಮೊರಿ ಕಾರ್ಡು, ಗಾಳಿಯಾಡದ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್ ಎಲ್ಲ ಸೇರಿ 600. ಉಳಿದ 2,400ರಲ್ಲಿ 200 ಪ್ರಿಂಟು. ಎದುರಿಗೆ ನಿಂತ 200 ಜನರಿಗೆ ಒಂದೊಂದು. ಕ್ಯಾನನ್ ಕೊಂಡೆ. ಸ್ಟುಡಿಯೋದ ಅಣ್ಣನಿಗೆ ಬೇಸರವಾಗಲಿಲ್ಲ, ಪ್ರಿಂಟಿಗೆ ಹೇಗೂ ಅವರಲ್ಲಿಗೇ ಹೋಗಬೇಕಿತ್ತು.

ಮೊದಲ ಪ್ರಿಂಟು ಯಾರದ್ದು ಎಂಬುದರಲ್ಲಿ ಅನುಮಾನ ಇರಲಿಲ್ಲ. 23ರಲ್ಲಿ ಒಂದನ್ನು ಆರಿಸಿದೆ. ಅವರು ಹಂಡೆಯನ್ನು ಸೊಂಟಕ್ಕಿಟ್ಟು ಪಕ್ಕದ ಮನೆಯವರ ಹತ್ತಿರ ಏನೋ ಹೇಳುತ್ತಿದ್ದಾರೆ, ಮುಖದಲ್ಲಿ ಆಯಾಸ ಇದ್ದರೂ ಸಂಕಟ ಇಲ್ಲ. ಒಂದು ಸಾಕು ಎಂದಿದ್ದರಲ್ಲ, ಒಂದೇ ತೆಗೆದುಕೊಂಡು ಮಳೆ ಬಿಟ್ಟ ಮೇಲೆ ಉಚ್ಚಿಲಕ್ಕೆ ಹೋದೆ. ಮನೆಯಿದ್ದ ಜಾಗದಲ್ಲಿ ಕಲ್ಲುಗಳಿದ್ದವು. ಅವರು ಮೇಲಿನ ರಸ್ತೆಯ ಬಳಿ ಬಾಡಿಗೆಗೆ ಇದ್ದರು. ಪ್ರಿಂಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನೋಡಿದ್ದು ತಮ್ಮನ್ನಲ್ಲ, ತಮ್ಮ ಹಿಂದಿನದ್ದನ್ನು.

"ಇದರಲ್ಲಿ ಅಡುಗೆಕೋಣೆಯ ಕಿಟಕಿ ಬರಲಿಲ್ಲ" ಎಂದರು. ಮತ್ತೆ, "ಆ ದಿನ ತುಂಬ ತೆಗೆದಿದ್ದಿ ಅಲ್ವಾ, ಬಾಕಿದ್ದು ಎಲ್ಲಿ?"

ಆ ಮನೆಯ ಬೇರೆ ಯಾವ ಚಿತ್ರವೂ ಅವರ ಬಳಿ ಇರಲಿಲ್ಲ.

ಉಳಿದ 22ನ್ನೂ ಪ್ರಿಂಟ್ ಹಾಕಿಸಿದೆ, 264 ರೂಪಾಯಿ. ಅವುಗಳಲ್ಲಿ ಎರಡರಲ್ಲಿ ಅವರು ಅಳುತ್ತಿದ್ದರು. ಅವನ್ನು ಕೊಡಬೇಕೇ ಎಂದು ಸ್ಟುಡಿಯೋದ ಬೆಂಚಿನಲ್ಲಿ ಕೂತು ಯೋಚಿಸಿದೆ. ಬಿಟ್ಟರೆ ಆರಿಸುವವನು ಮತ್ತೆ ನಾನೇ ಆಗುತ್ತೇನೆ ಅನಿಸಿ ಲಕೋಟೆಯ ತಳದಲ್ಲಿ ಇಟ್ಟೆ. ಮುಂದಿನ ಭಾನುವಾರ ಅವರು ನೆಲದ ಮೇಲೆ ಎಲ್ಲವನ್ನೂ ಹರಡಿ, ಮೊಮ್ಮಗಳಿಗೆ ಕಿಟಕಿ ತೋರಿಸಿದರು, ಕಲ್ಲು ತೋರಿಸಿದರು. ಕೊನೆಗೆ ಆ ಎರಡನ್ನು ಎತ್ತಿ ನನ್ನ ಕೈಗೆ ವಾಪಸ್ ಕೊಟ್ಟರು.

"ಇದು ನನಗೆ ಬೇಡ ಮಗಾ. ನಿನ್ನ ಹತ್ತಿರವೂ ಬೇಡ."

ರಾತ್ರಿ ಕೋಣೆಗೆ ಬಂದು ಲ್ಯಾಪ್‌ಟಾಪ್ ತೆರೆದೆ. ಒಂದನ್ನು ಕೂಡಲೇ ಅಳಿಸಿದೆ, ಅದು ಹೇಗೂ ಅಲುಗಿಹೋಗಿತ್ತು. ಇನ್ನೊಂದು ನಾನು ಇವತ್ತಿನವರೆಗೆ ತೆಗೆದ ಚಿತ್ರಗಳಲ್ಲೇ ಒಳ್ಳೆಯದು. ಫಿಲ್ಮಾಗಿದ್ದರೆ ನೆಗೆಟಿವನ್ನು ಕತ್ತರಿಸಿ ಅವರ ಕೈಗೇ ಕೊಟ್ಟು ಬರಬಹುದಿತ್ತು, ಅವರು ಒಲೆಗೆ ಹಾಕುತ್ತಿದ್ದರು. ಇಲ್ಲಿ ನಾನು ಅಳಿಸಿದೆನೋ ಇಲ್ಲವೋ ಅವರಿಗೆ ಯಾವತ್ತೂ ಗೊತ್ತಾಗುವುದಿಲ್ಲ. ನಾಲ್ಕು ವಾರ ಆಯಿತು. ಇನ್ನೂ ಅಳಿಸಿಲ್ಲ.